ಹಡಪಸರದ ಕವಲಿನಲ್ಲಿ 'ಕಾನಡಾ' ವಿಠಲ

ಸಂತರ ಕಾಲ, ಸರದಾರರ ಕಾಲ ಮತ್ತೆ ಬೆಳ್ಳಿತೆರೆಗೂ ಮೊಬೈಲಿಗೂ ಬಂದಿದೆ. ಅದರಲ್ಲಿ ಕನ್ನಡಿಗರ ಪಾಲೆಷ್ಟು?

ಜ್ಯೇಷ್ಠ ಮಾಸ ಮುಗಿಯುತ್ತ ಬಂದಾಗ ಹಡಪಸರದ ಗಾಡಿತಳದಲ್ಲಿ ಒಂದು ದಿನ ವಾಹನಗಳ ಆಟ ನಡೆಯುವುದಿಲ್ಲ. ಪುಣೆಯ ಪೇಟೆಗಳಲ್ಲಿ ಎರಡು ರಾತ್ರಿ ತಂಗಿದ್ದ ಸಂತ ಜ್ಞಾನೇಶ್ವರರ ಮತ್ತು ಸಂತ ತುಕಾರಾಮರ ಪಾಲಖಿಗಳು ಬೆಳಿಗ್ಗೆ ಹೊರಟು ಇಲ್ಲಿಗೆ ತಲುಪುತ್ತವೆ. ಇಲ್ಲಿ ದಾರಿ ಕವಲೊಡೆಯುತ್ತದೆ. ತುಕಾರಾಮರ ಪಾಲಖಿ ನೇರ ಸೊಲ್ಲಾಪುರ ರಸ್ತೆ ಹಿಡಿದು ಲೋಣಿ ಕಾಳಭೋರದತ್ತ ಸಾಗಿದರೆ, ಜ್ಞಾನೇಶ್ವರರದು ಬಲಕ್ಕೆ ಹೊರಳಿ ದಿವೆ ಘಾಟ್ ಏರಿ ಸಾಸವಡ ಸೇರುತ್ತದೆ. ಬೇರೆಯಾದ ಎರಡು ದಾರಿಗಳು ಮತ್ತೆ ಕೂಡುವುದು ಪಂಢರಪುರದ ಹೊಸ್ತಿಲಾದ ವಾಖರಿಯಲ್ಲಿ, ಆಷಾಢ ಏಕಾದಶಿಯ ಮುನ್ನ.

ಈ ಸೊಲ್ಲಾಪುರ ರಸ್ತೆ ಹಡಪಸರದ ಅನೇಕ ಕನ್ನಡಿಗರ ಪಾಲಿಗೆ ಊರಿನ ದಾರಿಯೂ ಹೌದು. ಕಲಬುರಗಿ, ವಿಜಯಪುರ, ಬೀದರ್ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಉಡುಪಿ-ಕುಂದಾಪುರದ ಹೋಟೆಲಿಗರು, ಮಗರಪಟ್ಟಾದ ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವ ಹುಬ್ಬಳ್ಳಿ-ಬೆಂಗಳೂರಿನ ಯುವಕರು, ಹೀಗೆ ನಮ್ಮವರು ಇಲ್ಲಿ ಬೇರೆ ಬೇರೆ ಕಾಲಕ್ಕೆ ಬಂದು ನೆಲೆಸಿದ್ದಾರೆ. ಪಾಲಖಿಯ ದಿನ ರಸ್ತೆ ಬದಿಗೆ ನಿಂತು ವಾರಕರಿಗಳಿಗೆ ನೀರು, ಚಹಾ, ಬಾಳೆಹಣ್ಣು ಕೊಡುವವರಲ್ಲಿ ಕನ್ನಡಿಗರೂ ಇರುತ್ತಾರೆ. ಆದರೆ ಮನಸ್ಸಿನ ಮೂಲೆಯಲ್ಲಿ ಒಂದು ಮಾತು ಕುಳಿತಿರುತ್ತದೆ: ಇದು ಅವರ ಹಬ್ಬ, ನಾವು ನೋಡುವವರು. ಈ ಮಾತು ಎಷ್ಟರಮಟ್ಟಿಗೆ ನಿಜ?

ಅದನ್ನು ಕೇಳಬೇಕಾದ ಕಾಲವೂ ಇದೇ. ಶಾಲಾ ಪುಸ್ತಕಗಳು ಮಧ್ಯಯುಗ ಎಂದು ಕರೆಯುವ ಕಾಲಘಟ್ಟ ಇಂದು ಮನರಂಜನೆಯ ಮಾರುಕಟ್ಟೆಯಲ್ಲಿ ಬಲು ಬೇಡಿಕೆಯ ಸರಕಾಗಿದೆ. ಪಾಲಖಿಯ ಹಾದಿಯ ಧ್ವನಿವರ್ಧಕಗಳಲ್ಲಿ 2014ರ 'ಲಯ್ ಭಾರೀ' ಚಿತ್ರಕ್ಕಾಗಿ ಅಜಯ್-ಅತುಲ್ ಸಂಗೀತ ನೀಡಿದ ಮಾವುಲಿಯ ಹಾಡು ಮೊಳಗುತ್ತದೆ. 'ಅಭಂಗ ರಿಪೋಸ್ಟ್' ಎಂಬ ತರುಣರ ತಂಡ ಗಿಟಾರು, ಡ್ರಮ್ಮು ಹಿಡಿದು ಅಭಂಗ ಹಾಡುತ್ತದೆ. ಕಂಪ್ಯೂಟರ್ ಕಂಪನಿಗಳ ನೌಕರರು 'ಐಟಿ ದಿಂಡಿ' ಕಟ್ಟಿಕೊಂಡು ಒಂದೆರಡು ದಿನ ನಡೆದು, ಸೋಮವಾರ ಕಚೇರಿಗೆ ಮರಳುತ್ತಾರೆ. ಇದನ್ನೆಲ್ಲ ನೋಡಿ ಹಿರಿಯರು ಕೆಲವರು ಮೂಗು ಮುರಿಯುವುದೂ ಉಂಟು. ಹಳೆಯದು ಹೀಗೆ ಕೆಡುತ್ತದೆ ಎನ್ನುವುದು ಅವರ ದೂರು.

ಆದರೆ ಹಳೆಯದು ಎಂದರೆ ಎಷ್ಟು ಹಳೆಯದು?

ಅಂಕಲಿಯ ಕುದುರೆ

ಜ್ಞಾನೇಶ್ವರರು ಆಳಂದಿಯಲ್ಲಿ ಸಮಾಧಿಸ್ಥರಾದದ್ದು 1296ರಲ್ಲಿ. ದೇಹುವಿನ ತುಕಾರಾಮರು ಮರೆಯಾದದ್ದು 1650ರಲ್ಲಿ. ಇಬ್ಬರ ನಡುವೆ ಮೂರೂವರೆ ಶತಮಾನಗಳ ಅಂತರ. ಇಬ್ಬರ ಪಾದುಕೆಗಳನ್ನೂ ಪಾಲಖಿಯಲ್ಲಿಟ್ಟು ಪಂಢರಪುರಕ್ಕೆ ಒಯ್ಯುವ ಪದ್ಧತಿಯನ್ನು ತಂದವರು ತುಕಾರಾಮರ ಕಿರಿಯ ಮಗ ನಾರಾಯಣ ಮಹಾರಾಜರು, 1685ರಲ್ಲಿ. ಆಗ ಎರಡು ಪಾದುಕೆಗಳೂ ಒಟ್ಟಿಗೇ ಹೋಗುತ್ತಿದ್ದವು. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಹೈಬತಬಾಬಾ ಆರಫಳಕರ ಎಂಬ ಭಕ್ತರು ಜ್ಞಾನೇಶ್ವರರ ಪಾಲಖಿಯನ್ನು ಪ್ರತ್ಯೇಕವಾಗಿ ಹೊರಡಿಸಿದರು. ಸಿಂಧಿಯಾ ಸಂಸ್ಥಾನದ ಸೇವೆಯಲ್ಲಿದ್ದು ಬಂದವರು ಅವರು. ದಿಂಡಿಗಳ ಸಾಲು, ಡೇರೆ, ಕಹಳೆ, ಕುದುರೆ ಎಂದು ದಂಡಿನ ಶಿಸ್ತನ್ನೇ ಭಕ್ತಿಗೆ ತೊಡಿಸಿದರು. ಅಂದರೆ ಹಡಪಸರದ ಕವಲಿನಲ್ಲಿ ನಾವು ನೋಡುವ ಅಗಲಿಕೆಗೆ ಸುಮಾರು ಇನ್ನೂರು ವರ್ಷವಷ್ಟೇ ಆಗಿದೆ. ಸಂತರ ಕಾಲವನ್ನು ಆಯಾ ತಲೆಮಾರು ತನ್ನ ಕೈಗೆ ಸಿಕ್ಕ ಸಾಧನದಿಂದ ಮತ್ತೆ ಕಟ್ಟಿಕೊಂಡಿದೆ. ಗಿಟಾರು ಹಿಡಿದ ಹುಡುಗರದ್ದೂ ಅದೇ ಸಾಲು.

ಇನ್ನು ಆ ಕುದುರೆಗಳು. ಮಾವುಲಿಯ ಪಾಲಖಿಯ ಮುಂದೆ ಎರಡು ಅಶ್ವಗಳು ಸಾಗುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರನಿದ್ದಾನೆ. ಇನ್ನೊಂದರ ಬೆನ್ನು ಖಾಲಿ. ಅದರ ಮೇಲೆ ಸ್ವತಃ ಜ್ಞಾನೇಶ್ವರರೇ ಕುಳಿತಿರುವರೆಂದು ವಾರಕರಿಗಳ ನಂಬಿಕೆ. ದಾರಿಯಲ್ಲಿ ರಿಂಗಣ ನಡೆದಾಗ ಈ ಕುದುರೆ ಓಡಿದ ನೆಲದ ಮಣ್ಣನ್ನು ಜನ ಹಣೆಗೆ ಹಚ್ಚಿಕೊಳ್ಳುತ್ತಾರೆ. ಈ ಕುದುರೆಗಳು ಬರುವುದು ಎಲ್ಲಿಂದ? ಬೆಳಗಾವಿ ಜಿಲ್ಲೆ ಚಿಕ್ಕೋಡಿ ಸೀಮೆಯ ಅಂಕಲಿಯಿಂದ. ಅಲ್ಲಿಯ ಶಿತೋಳೆ ಸರದಾರರ ಮನೆತನ ಹೈಬತಬಾಬಾರ ಕಾಲದಿಂದಲೂ ಈ ಸೇವೆ ನಡೆಸಿಕೊಂಡು ಬಂದಿದೆ. ಪ್ರತಿವರ್ಷ ಕೃಷ್ಣೆಯ ದಂಡೆಯಿಂದ ಹೊರಟು ಕಾಲ್ನಡಿಗೆಯಲ್ಲೇ ಆಳಂದಿ ಸೇರುತ್ತವೆ. ಗಾಡಿತಳದಲ್ಲಿ ಜನ ಕೈಮುಗಿಯುವ ಖಾಲಿ ಬೆನ್ನಿನ ಕುದುರೆ ಕರ್ನಾಟಕದಿಂದ ಗಡಿ ದಾಟಿ ಬಂದದ್ದೆಂದು ಹಡಪಸರದ ಎಷ್ಟು ಕನ್ನಡ ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತಾರೆ?

ಕೊರೋನಾ ಕಾಲದಲ್ಲಿ, 2020 ಮತ್ತು 2021ರಲ್ಲಿ, ಪಾದುಕೆಗಳು ಎಸ್‌ಟಿ ಬಸ್ಸಿನಲ್ಲಿ ಪಂಢರಪುರಕ್ಕೆ ಹೋದವು. ಆ ಎರಡು ವರ್ಷ ಗಾಡಿತಳ ಬಣಬಣ ಎನ್ನುತ್ತಿತ್ತು. 2022ರಲ್ಲಿ ನಡಿಗೆ ಮತ್ತೆ ಮೊದಲಾದಾಗ ಸೇರಿದ ಜನಸ್ತೋಮ ನೋಡಿದವರಿಗೆ ಈ ಪದ್ಧತಿಯ ಜೀವ ಎಲ್ಲಿದೆ ಎಂದು ತಿಳಿಸಿ ಹೇಳಬೇಕಾಗಿಲ್ಲ.

ಪ್ರಭಾತದಿಂದ ರಾಜ್‌ಕುಮಾರ್‌ವರೆಗೆ

ಸಂತರನ್ನು ಬೆಳ್ಳಿತೆರೆಗೆ ತಂದ ಕೀರ್ತಿಯ ದೊಡ್ಡ ಭಾಗ ಪುಣೆಯದೇ. ಕೊಲ್ಹಾಪುರದಿಂದ 1933ರಲ್ಲಿ ಇಲ್ಲಿಗೆ ಬಂದ ಪ್ರಭಾತ ಕಂಪನಿ 1936ರಲ್ಲಿ 'ಸಂತ ತುಕಾರಾಮ' ತೆಗೆಯಿತು. ನಿರ್ದೇಶಕರು ದಾಮ್ಲೆ ಮತ್ತು ಫತ್ತೇಲಾಲ್. ತುಕಾರಾಮರಾಗಿ ವಿಷ್ಣುಪಂತ ಪಾಗನೀಸ. ಮುಂಬಯಿಯಲ್ಲಿ ವರ್ಷಕ್ಕೂ ಮಿಕ್ಕಿ ಓಡಿದ ಈ ಚಿತ್ರ 1937ರ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. 1940ರಲ್ಲಿ ಅದೇ ಕಂಪನಿಯಿಂದ 'ಸಂತ ಜ್ಞಾನೇಶ್ವರ' ಬಂತು. ಪ್ರಭಾತದ ಆ ಅಂಗಳದಲ್ಲೇ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾದದ್ದು, ಗಿರೀಶ ಕಾರ್ನಾಡರು ಅದರ ನಿರ್ದೇಶಕರಾಗಿದ್ದದ್ದು, ಗಿರೀಶ ಕಾಸರವಳ್ಳಿಯವರು ಅಲ್ಲಿ ಕಲಿತದ್ದು ಪುಣೆಯ ಕನ್ನಡಿಗರಿಗೆ ಗೊತ್ತಿರುವ ವಿಷಯ.

ಅಷ್ಟಾಗಿ ನೆನಪಾಗದಿರುವುದು ಇನ್ನೊಂದು. ಅದೇ ತುಕಾರಾಮರು 1963ರಲ್ಲಿ ಕನ್ನಡ ಮಾತಾಡಿದರು. ಸುಂದರರಾವ್ ನಾಡಕರ್ಣಿ ನಿರ್ದೇಶನದ 'ಸಂತ ತುಕಾರಾಂ'ನಲ್ಲಿ ಡಾ. ರಾಜ್‌ಕುಮಾರ್ ದೇಹುವಿನ ಸಂತನಾದರು. 1974ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ 'ಭಕ್ತ ಕುಂಬಾರ' ಬಂತು. ಭಜನೆಯಲ್ಲಿ ಮೈಮರೆತು ಮಣ್ಣು ತುಳಿಯುವ ಗೋರಾ ಕುಂಬಾರ ತನ್ನ ಹಸುಗೂಸನ್ನೇ ತುಳಿದುಬಿಡುವ ಆ ದೃಶ್ಯಕ್ಕೆ ಕಣ್ಣೀರು ಹಾಕದ ಕನ್ನಡ ಮನೆ ಆ ಕಾಲದಲ್ಲಿ ಇರಲಿಲ್ಲವೆಂದರೂ ತಪ್ಪಾಗದು. ಗೋರಾ ಮರಾಠಿಯವನು, ಅವನ ಊರು ಮಹಾರಾಷ್ಟ್ರದ್ದು ಎಂದು ಮಂಡ್ಯದ ಟೆಂಟಿನಲ್ಲಿ ಕುಳಿತವರಾಗಲಿ ಹಾವೇರಿಯ ಟಾಕೀಸಿನವರಾಗಲಿ ತಕರಾರು ತೆಗೆಯಲಿಲ್ಲ. ನಮ್ಮ ಪಾಂಡುರಂಗನ ಭಕ್ತ, ಆದ್ದರಿಂದ ನಮ್ಮವನು. ಅಷ್ಟೇ ಲೆಕ್ಕ.

ಇದರ ತಿರುಗು ದಾರಿಯಲ್ಲಿ ನಡೆದವರು ಪಂ. ಭೀಮಸೇನ ಜೋಶಿ. ಗದಗ ಸೀಮೆಯಲ್ಲಿ 1922ರಲ್ಲಿ ಹುಟ್ಟಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು, ಪುಣೆಯನ್ನು ಮನೆ ಮಾಡಿಕೊಂಡ ಈ ಮಹಾನ್ ಗಾಯಕ ಗುರುವಿನ ಹೆಸರಿನಲ್ಲಿ 1953ರಲ್ಲಿ ಇಲ್ಲಿ ಆರಂಭಿಸಿದ ಸಂಗೀತೋತ್ಸವ ಇಂದಿಗೂ ನಡೆಯುತ್ತಿದೆ. ಖಯಾಲಿನ ದೊರೆಯಾದ ಅವರು 'ಸಂತವಾಣಿ' ಎಂದು ಮರಾಠಿ ಅಭಂಗಗಳನ್ನೂ 'ದಾಸವಾಣಿ' ಎಂದು ಕನ್ನಡದ ದಾಸರ ಪದಗಳನ್ನೂ ಹಾಡಿದರು. ಕ್ಯಾಸೆಟ್ಟಿನ ಕಾಲದಲ್ಲಿ ಎರಡೂ ಮನೆಮನೆಗೆ ಹೋದವು. ಮರಾಠಿ ಮನೆಯ ಅಜ್ಜಿಗೆ ಪುರಂದರದಾಸರ ಹೆಸರು ತಲುಪಿದ್ದರೆ, ಕನ್ನಡ ಮನೆಯ ಯಜಮಾನನಿಗೆ ನಾಮದೇವನ ಅಭಂಗ ಬಾಯಿಪಾಠವಾಗಿದ್ದರೆ, ಅದರಲ್ಲಿ ಆ ಕಂಠದ ಪಾತ್ರ ಬಹು ದೊಡ್ಡದು. 2008ರಲ್ಲಿ ಭಾರತ ರತ್ನ ಘೋಷಣೆಯಾದಾಗ ಎರಡೂ ರಾಜ್ಯಗಳು ನಮ್ಮವರೆಂದು ಹೆಮ್ಮೆಪಟ್ಟವು. ಎರಡರ ಮಾತೂ ಸರಿಯೇ. 2011ರಲ್ಲಿ ಅವರು ತೀರಿಕೊಂಡ ಮೇಲೆ ಆ ದಾರಿ ಪೂರ್ಣ ಮುಚ್ಚಿಲ್ಲ. ಹುಬ್ಬಳ್ಳಿ ಸೀಮೆಯ ಜಯತೀರ್ಥ ಮೇವುಂಡಿಯವರ ಅಭಂಗ ಗಾಯನಕ್ಕೆ ಮಹಾರಾಷ್ಟ್ರದಲ್ಲಿ ದೊಡ್ಡ ಶ್ರೋತೃವರ್ಗವಿದೆ. ಧಾರವಾಡದ ಪಂ. ವೆಂಕಟೇಶಕುಮಾರರ ದಾಸರ ಪದಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ.

ಕಾನಡಾ ಎಂದರೆ ಯಾರು?

ಗ.ದಿ. ಮಾಡಗೂಳಕರರು ಬರೆದು ಸುಧೀರ ಫಡಕೆ ಮತ್ತು ವಸಂತರಾವ್ ದೇಶಪಾಂಡೆ ಹಾಡಿದ 'ಕಾನಡಾ ರಾಜಾ ಪಂಢರೀಚಾ' ಕೇಳದ ಮರಾಠಿಗರಿಲ್ಲ. ಪಂಢರಿಯ ರಾಜ 'ಕಾನಡಾ' ಎನ್ನುತ್ತದೆ ಆ ಹಾಡು. ಅದಕ್ಕೂ ಏಳು ಶತಮಾನ ಮೊದಲಿನ ಜ್ಞಾನೇಶ್ವರರ ಹೆಸರಿನ ಪ್ರಸಿದ್ಧ ಅಭಂಗವೊಂದರಲ್ಲಿಯೂ ವಿಠಲ ಕಾನಡಾ, ಕರ್ನಾಟಕದವನು. ಮರಾಠಿಯಲ್ಲಿ ಕಾನಡಾ ಎಂದರೆ ಕನ್ನಡದವನು ಎಂದಾಗುತ್ತದೆ. ಸುಲಭವಾಗಿ ಅರ್ಥವಾಗದವನು ಎಂಬ ಅರ್ಥವನ್ನೂ ಹೇಳುವವರಿದ್ದಾರೆ. ನಮ್ಮ ಮಾತು ಅವರಿಗೆ ಅರ್ಥವಾಗದ್ದರಿಂದಲೇ ಈ ಎರಡನೆಯ ಅರ್ಥ ಹುಟ್ಟಿರಬೇಕು!

ಇದು ಬರೀ ಹಾಡಿನ ಮಾತಲ್ಲ, ಕಲ್ಲಿನ ಮೇಲೂ ಇದೆ. ಪಂಢರಪುರದ ದೇವಾಲಯದ ತೊಲೆಯೊಂದರ ಮೇಲಿರುವ 1237ರ ಶಾಸನ ಹೊಯ್ಸಳ ರಾಜ ಸೋಮೇಶ್ವರ ವಿಠಲನ ನೈವೇದ್ಯಕ್ಕೆ ಗ್ರಾಮವೊಂದನ್ನು ಬಿಟ್ಟುಕೊಟ್ಟದ್ದನ್ನು ತಿಳಿಸುತ್ತದೆ. ವಿಷ್ಣು ಎಂಬ ಹೆಸರು ಕನ್ನಡದ ಬಾಯಲ್ಲಿ ಬಿಟ್ಟಿ ಆಗಿ, ಅದರಿಂದ ವಿಠಲ ಬಂತೆಂದು ಊಹಿಸಿದವರು ಪುಣೆಯವರೇ ಆದ ರಾ.ಗೋ. ಭಾಂಡಾರಕರರು. ವಿಷ್ಣುವರ್ಧನನ ಮೊದಲ ಹೆಸರು ಬಿಟ್ಟಿದೇವ ಎಂಬುದು ನಮಗೆ ಶಾಲೆಯಿಂದಲೇ ಗೊತ್ತು. ಮರಾಠಿಯ ದೊಡ್ಡ ಸಂಶೋಧಕ ರಾ.ಚಿಂ. ಢೇರೆಯವರು 1984ರಲ್ಲಿ ಪ್ರಕಟಿಸಿದ 'ಶ್ರೀವಿಠ್ಠಲ: ಏಕ ಮಹಾಸಮನ್ವಯ' ಗ್ರಂಥದಲ್ಲಿ ಈ ದೇವರ ಬೇರುಗಳನ್ನು ಕುರಿಗಾಹಿ-ಗೋಪಾಲಕರ ನಡುವೆ, ಕರ್ನಾಟಕದ ಕಡೆಗೆ ಹುಡುಕಿಕೊಂಡು ಹೋದರು. ಕನ್ನಡದ ಕಡೆಯಿಂದ ಇದೇ ಬಗೆಯ ಹುಡುಕಾಟ ನಡೆಸಿದ ಶಂ.ಬಾ. ಜೋಶಿಯವರು ಮರಾಠಿಯಲ್ಲಿಯೂ ಪುಸ್ತಕ ಬರೆದರು. ಪುಣೆ ಸೀಮೆಯ ಹೆಸರು ಮೊದಲು ಸಿಗುವುದೇ ರಾಷ್ಟ್ರಕೂಟರ ಎಂಟನೇ ಶತಮಾನದ ತಾಮ್ರಪಟಗಳಲ್ಲಿ ಎಂಬುದನ್ನೂ ಇಲ್ಲಿ ನೆನೆಯಬಹುದು.

ಇದನ್ನೆಲ್ಲ ಹೇಳುವುದು ವಿಠಲನ ಮೇಲೆ ಹಕ್ಕುಪತ್ರ ಬರೆಸಿಕೊಳ್ಳಲು ಎಂದು ಯಾರೂ ತಿಳಿಯಬೇಕಾಗಿಲ್ಲ. ಢೇರೆಯವರು ಪುಸ್ತಕಕ್ಕೆ ಇಟ್ಟ ಹೆಸರಿನಲ್ಲೇ ಸಮನ್ವಯ ಎಂಬ ಮಾತಿದೆ. ಹಂಪಿಯ ವಿಠಲ ಗುಡಿಯ ಮುಂದಿನ ಕಲ್ಲಿನ ರಥ 2017ರಿಂದ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಇಡೀ ದೇಶ ಸುತ್ತುತ್ತಿದೆ. ಪಂಢರಪುರದ ಮೂರ್ತಿಯನ್ನು ಕೃಷ್ಣದೇವರಾಯ ಹಂಪಿಗೆ ಒಯ್ದನೆಂದೂ ಸಂತ ಏಕನಾಥರ ಮುತ್ತಜ್ಜ ಭಾನುದಾಸರು ಅದನ್ನು ಮರಳಿ ತಂದರೆಂದೂ ವಾರಕರಿಗಳ ಕಥೆ. ದೇವರನ್ನು ಒಯ್ದವರೂ ಭಕ್ತರೇ, ತಂದವರೂ ಭಕ್ತರೇ.

ಕತ್ತಿಯ ಹೊಳಪು

ಹೀಗೆ ತಾಳ-ತಂಬೂರಿಯ ಮಧ್ಯಯುಗ ಒಂದು ಕಡೆ. ಕಳೆದ ಕೆಲವು ವರ್ಷಗಳಲ್ಲಿ ಮಕ್ಕಳನ್ನು ಚಿತ್ರಮಂದಿರಕ್ಕೆ ಎಳೆದದ್ದು ಬಹುಮಟ್ಟಿಗೆ ಇನ್ನೊಂದು, ಕತ್ತಿ-ಗುರಾಣಿಯದು. ದಿಗ್ಪಾಲ್ ಲಾಂಜೇಕರ್ ಅವರ 2018ರ 'ಫರ್ಜಂದ್'ನಿಂದ ಶಿವಾಜಿ ಕಾಲದ ಮರಾಠಿ ಚಿತ್ರಗಳ ಸಾಲೇ ಬಂತು; 'ಪಾವನಖಿಂಡ' (2022) ಭರ್ಜರಿ ಓಡಿತು. (ಅದೇ ನಿರ್ದೇಶಕರು 2025ರಲ್ಲಿ ಜ್ಞಾನೇಶ್ವರರ ತಂಗಿ ಮುಕ್ತಾಬಾಯಿಯ ಚಿತ್ರ ಮಾಡಿದ್ದು ಗಮನಾರ್ಹ.) 2025ರ ಫೆಬ್ರವರಿಯಲ್ಲಿ ಶಿವಾಜಿ ಸಾವಂತರ ಕಾದಂಬರಿ ಆಧರಿಸಿದ ಹಿಂದಿ ಚಿತ್ರ 'ಛಾವಾ' ತೆರೆಕಂಡಿತು. ಸಂಭಾಜಿಯ ಮಡದಿ ಯೇಸೂಬಾಯಿಯಾಗಿ ನಟಿಸಿದವರು ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ. ಅದೇ ವರ್ಷ ಅಕ್ಟೋಬರ್ 2ರಂದು ಕದಂಬರ ಕಾಲದ ಕಥೆ ಹೊತ್ತ ರಿಷಬ್ ಶೆಟ್ಟಿಯವರ 'ಕಾಂತಾರ ಅಧ್ಯಾಯ 1' ಬಂದಾಗ ಹೋಟೆಲು ಬೀಗಹಾಕಿ ಸಿನಿಮಾಕ್ಕೆ ಹೋಗುವಷ್ಟು ಉತ್ಸಾಹ ಕುಂದಾಪುರದವರಲ್ಲಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಈ ಚಿತ್ರಗಳಲ್ಲಿ ಶೌರ್ಯವಿದೆ, ಅದ್ದೂರಿಯಿದೆ. ಮಕ್ಕಳು ಇತಿಹಾಸದ ಪುಸ್ತಕ ಬಿಡಿಸಿ ನೋಡುವಂತೆ ಮಾಡಿದರೆ ಅದೂ ಒಳ್ಳೆಯದೇ. ಆದರೆ ಕತ್ತಿಯ ಕಥೆಗೆ ಒಬ್ಬ ಶತ್ರು ಬೇಕೇಬೇಕು, ಮತ್ತು ಆ ಶತ್ರು ಕೆಲವೊಮ್ಮೆ ಪರದೆ ಬಿಟ್ಟು ಬೀದಿಗೆ ಇಳಿಯುತ್ತಾನೆ. 2025ರ ಮಾರ್ಚ್‌ನಲ್ಲಿ ಔರಂಗಜೇಬನ ಗೋರಿಯ ವಿವಾದದಲ್ಲಿ ನಾಗಪುರ ಹೊತ್ತಿ ಉರಿದಾಗ, 'ಛಾವಾ' ಜನರ ಭಾವನೆ ಕೆರಳಿಸಿದೆ ಎಂದು ಮುಖ್ಯಮಂತ್ರಿ ದೇವೇಂದ್ರ ಫಡಣವೀಸರೇ ವಿಧಾನಸಭೆಯಲ್ಲಿ ಹೇಳಿದರು. ಹೊರನಾಡಿನಲ್ಲಿ ಬದುಕುವವರಿಗೆ ಇದು ದೂರದ ಸುದ್ದಿ ಅನಿಸಬಾರದು. ಗಡಿ ವಿವಾದ ಬಿಸಿಯೇರಿದ್ದ 2022ರ ಡಿಸೆಂಬರಿನಲ್ಲಿ ಇದೇ ಪುಣೆಯ ಸ್ವಾರಗೇಟಿನಲ್ಲಿ ಕರ್ನಾಟಕದ ಬಸ್ಸುಗಳಿಗೆ ಕಪ್ಪು ಬಳಿಯಲಾಗಿತ್ತು. ಊರಿಗೆ ಹೋಗಲು ಟಿಕೆಟು ಮಾಡಿಸಿದ್ದವರು ಚೀಲ ಹಿಡಿದು ಮನೆಗೆ ಮರಳುವ ಸಂಕಟ ಏನೆಂದು ಇಲ್ಲಿಯವರಿಗೆ ಗೊತ್ತು. ಮುಂದಿನ ಜೂನ್‌ನಲ್ಲಿ ಅಂಕಲಿಯ ಕುದುರೆಗಳು ಎಂದಿನಂತೆ ಅದೇ ಗಡಿ ದಾಟಿ ಬಂದವು.

ಕತ್ತಿಯ ಕಥೆಯಲ್ಲೂ ಕನ್ನಡಕ್ಕೆ ಬಾಗಿಲು ಇಲ್ಲವೆಂದಲ್ಲ, ಸಿನಿಮಾ ಅದನ್ನು ತೆರೆಯುವುದಿಲ್ಲ ಅಷ್ಟೇ. 'ಛಾವಾ' 1689ರಲ್ಲಿ ಸಂಭಾಜಿಯ ಬಲಿದಾನದೊಂದಿಗೆ ಮುಗಿಯುತ್ತದೆ. ಮುಂದೇನಾಯಿತು? ಸಂಭಾಜಿಯ ತಮ್ಮ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವ ದಾರಿಯಲ್ಲಿ ಆಶ್ರಯ ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮ. ಅದಕ್ಕಾಗಿ ಔರಂಗಜೇಬನ ಸೈನ್ಯವನ್ನು ಎದುರುಹಾಕಿಕೊಂಡಳು. ಇದಕ್ಕೂ ಹಿಂದೆ ಬೆಳವಡಿ ಮಲ್ಲಮ್ಮ ಮರಾಠಾ ಪಡೆಯ ವಿರುದ್ಧವೇ ಕತ್ತಿ ಹಿಡಿದಿದ್ದಳು. ಹೀಗೆ ಒಂದೇ ಕಾಲದಲ್ಲಿ ಜಗಳವೂ ಇತ್ತು, ನೆಂಟಸ್ತಿಕೆಯೂ ಇತ್ತು. ಮೂರು ಗಂಟೆಯ ಚಿತ್ರಕ್ಕೆ ಇಷ್ಟು ಗೋಜಲು ಹಿಡಿಸುವುದಿಲ್ಲ.

ರಂಗಭೂಮಿಗೆ ಹಿಡಿಸಿದೆ. ಕಾರ್ನಾಡರ 'ತುಘಲಕ್' (1964), ಕಲ್ಯಾಣದ ಶರಣರ ಕುರಿತ 'ತಲೆದಂಡ' (1990), ತಾಳಿಕೋಟೆ ಕದನದ 'ರಾಕ್ಷಸ ತಂಗಡಿ' ಮೂರೂ ಮಧ್ಯಯುಗವನ್ನು ಇಂದಿನ ಪ್ರಶ್ನೆಗಳಿಗಾಗಿ ತೆರೆದವು. 'ತುಘಲಕ್' ಮರಾಠಿಗೆ ತಂದವರು ವಿಜಯ ತೆಂಡೂಲ್ಕರ್. ಬಸವಣ್ಣನವರು ಬಿಜ್ಜಳನ ಬಳಿ ಕಾಯಕ ಮಾಡಿದ ಮಂಗಳವೇಢೆ ಇಂದು ಸೊಲ್ಲಾಪುರ ಜಿಲ್ಲೆಯಲ್ಲಿದೆ, ಪಂಢರಪುರದ ನೆರೆಯಲ್ಲೇ. ಸಂತ ಚೋಖಾಮೇಳರ ನೆಲವೂ ಅದೇ. ಪಂಢರಪುರಕ್ಕೆ ಹೋದ ಕನ್ನಡಿಗರಲ್ಲಿ ಅಲ್ಲಿಗೂ ಹೋಗಿ ಬಂದವರು ವಿರಳ.

ಪುರಂದರದ ಬೆಟ್ಟ

ಹಡಪಸರದ ಕನ್ನಡ ಮನೆಗಳ ಮಕ್ಕಳಲ್ಲಿ ಹೆಚ್ಚಿನವರು ಇಂಗ್ಲಿಷ್ ಇಲ್ಲವೇ ಮರಾಠಿ ಶಾಲೆಯವರು. ಆಷಾಢದಲ್ಲಿ ಶಾಲೆಯ ದಿಂಡಿಗೆ ವಿಠಲ-ರಖುಮಾಯಿಯ ವೇಷ ಹಾಕುತ್ತಾರೆ, ಅಭಂಗವನ್ನು ಚೆಂದವಾಗಿ ಹೇಳುತ್ತಾರೆ. ಅದಕ್ಕೆ ಸಂತೋಷಪಡಬೇಕು. ಮನೆಯಲ್ಲಿ ದಾಸರ ಪದ ಕೇಳಿಸದಿದ್ದರೆ ಮಾತ್ರ ಆ ವಿಠಲ ಮಗುವಿನ ಪಾಲಿಗೆ ಶಾಲೆಯಲ್ಲಿ ಸಿಗುವ ದೇವರಾಗಿ ಉಳಿಯುತ್ತಾನೆ. ಮನೆಮಾತಿಗೂ ಅವನಿಗೂ ನಂಟಿದೆಯೆಂದು ತಿಳಿಯುವುದು ಹೇಗೆ? ಸಂಘಗಳ ವಾರ್ಷಿಕೋತ್ಸವದಲ್ಲಿ ಈಗ ಸಿನಿಮಾ ಹಾಡಿನ ನೃತ್ಯಕ್ಕೆ ಸಿಗುವ ಸಮಯದಲ್ಲಿ ಹತ್ತು ನಿಮಿಷ ಒಂದು ಅಭಂಗಕ್ಕೂ ಅದರ ಜೋಡಿಗೆ ಒಂದು ದೇವರನಾಮಕ್ಕೂ ಕೊಡುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಪಾಲಖಿಯ ದಿನ ನೀರು ಹಂಚುವ ಮಂಟಪದಲ್ಲಿ ಕನ್ನಡ ಭಜನೆ ಕೇಳಿಸಿದರೆ ವಾರಕರಿಗಳು ಬೇಡವೆನ್ನುವವರೂ ಅಲ್ಲ. ಗಡಿಭಾಗದಿಂದ ಬರುವ ದಿಂಡಿಗಳಲ್ಲಿ ಕನ್ನಡ ಬಲ್ಲವರು ಬೇಕಾದಷ್ಟು ಜನರಿರುತ್ತಾರೆ.

ಇನ್ನೊಂದು ಕೆಲಸಕ್ಕೆ ಒಂದು ಭಾನುವಾರ ಸಾಕು. ಮಾವುಲಿಯ ಪಾಲಖಿ ಹಡಪಸರದಿಂದ ಹೊರಟು ಇಳಿದುಕೊಳ್ಳುವ ಸಾಸವಡದಲ್ಲಿ ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿಯಿದೆ. ಅಲ್ಲಿಂದ ತೆಂಕಣಕ್ಕೆ ಕಾಣುವ ಬೆ‍ಟ್ಟ ಪುರಂದರಗಡ. 1657ರ ಮೇ 14ರಂದು ಸಂಭಾಜಿ ಹುಟ್ಟಿದ್ದು ಈ ಕೋಟೆಯಲ್ಲಿ. 'ಛಾವಾ' ನೋಡಿದ ಮಕ್ಕಳಿಗೆ ಇದು ಗೊತ್ತು. ಗೊತ್ತಿಲ್ಲದಿರುವುದು ಬೆಟ್ಟದ ಇನ್ನೊಂದು ಕಥೆ. ನವಕೋಟಿ ನಾರಾಯಣನೆನಿಸಿದ್ದ ಶ್ರೀನಿವಾಸ ನಾಯಕ ಈ ಪುರಂದರಗಡದ ವ್ಯಾಪಾರಿಯಾಗಿದ್ದ, ಎಲ್ಲವನ್ನೂ ದಾನಮಾಡಿ ಹಂಪಿಗೆ ನಡೆದು ವ್ಯಾಸರಾಯರ ಶಿಷ್ಯನಾಗಿ ಪುರಂದರದಾಸನಾದ ಎನ್ನುತ್ತದೆ ಬಹುಕಾಲದ ಪ್ರತೀತಿ. ಇತ್ತೀಚೆಗೆ ಅವರ ಹುಟ್ಟೂರು ತೀರ್ಥಹಳ್ಳಿ ಬಳಿಯ ಆರಗ ಎಂಬ ವಾದ ಕರ್ನಾಟಕದಲ್ಲಿ ಬಲಗೊಂಡಿದೆ, ವಿದ್ವಾಂಸರ ಚರ್ಚೆ ನಡೆದಿದೆ. ಹುಟ್ಟೂರು ಯಾವುದೇ ಆಗಲಿ, ಅವರ ಪದಗಳ ಕೊನೆಗೆ ಬರುವ ಅಂಕಿತ ಮಾತ್ರ 'ಪುರಂದರ ವಿಠಲ'. 1964ರ 'ನವಕೋಟಿ ನಾರಾಯಣ' ಚಿತ್ರದಲ್ಲಿ ಆ ದಾಸರ ಪಾತ್ರ ಮಾಡಿದವರೂ ರಾಜ್‌ಕುಮಾರ್. ಹಿಂದಿನ ವರ್ಷವಷ್ಟೇ ಅವರು ತುಕಾರಾಮರಾಗಿದ್ದರು.

ಹಡಪಸರದಿಂದ ಸಾಸವಡಕ್ಕೆ ಪಿಎಂಪಿ ಬಸ್ಸುಗಳಿವೆ. ಮುಂದೆ ಕೋಟೆಯ ಬುಡದ ನಾರಾಯಣಪುರದವರೆಗೆ ಬೇರೆ ವಾಹನ ಹಿಡಿಯಬೇಕು. ಕೋಟೆಯ ಒಂದು ಭಾಗ ಸೈನ್ಯದ ವಶದಲ್ಲಿರುವುದರಿಂದ ಗುರುತಿನ ಚೀಟಿ ಜತೆಗಿರಲಿ. ಸಂಜೆಗೆ ಮುಂಚೆ ಇಳಿದು ಬರಬೇಕಾಗುತ್ತದೆ. ಒಳಗೆ 1665ರ ಮುತ್ತಿಗೆಯಲ್ಲಿ ಮಡಿದ ಮುರಾರಬಾಜಿಯ ಪ್ರತಿಮೆಯಿದೆ, ಪುರಂದರೇಶ್ವರನ ಗುಡಿಯಿದೆ. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತದೆ, ವಯಸ್ಸಾದವರು ಕೆಳಗಿನ ಮಾಚಿಯಲ್ಲೇ ಕುಳಿತು ಒಂದು ದಾಸರ ಪದ ಹೇಳಿಕೊಂಡರೂ ಆದೀತು.